ಕಾಫಿಯ ಜೊತೆ ಕಬ್ಬಿಣದ ಮಾತ್ರೆ

ಎದುರಿಗಿರುವವರ ಕಣ್ಣು ನೋಡಿ ಮಾತಾಡಬೇಕು ಎನ್ನುತ್ತಾರೆ. ನಾನು ನೋಡುವುದು ಕಣ್ಣನ್ನಲ್ಲ, ಕೆಳರೆಪ್ಪೆಯ ಒಳಗನ್ನು. ಅದು ಕೆಂಪಗಿದ್ದರೆ ನನಗೆ ನೆಮ್ಮದಿ. ಬಿಳಿಚಿಕೊಂಡಿದ್ದರೆ, ಇವರಿಗೆ ರಕ್ತ ಕಡಿಮೆ ಎಂದು ಮನಸ್ಸು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅವರು ಹೇಳುತ್ತಿರುವ ಮಾತು ತಲೆಗೆ ಹೋಗುವುದಿಲ್ಲ. ಆಪರೇಷನ್ ಆಗುವವರಿಗೆ ಅರಿವಳಿಕೆ ಕೊಡುವ ಡಾಕ್ಟರು ನಾನು. ಈ ಚಾಳಿ ಕೆಲಸದಿಂದ ಅಂಟಿಕೊಂಡದ್ದು. ನಾದಿನಿಯ ಮಗಳ ಮದುವೆಯಲ್ಲಿ ಅಕ್ಷತೆ ಹಾಕಲು ಹೋದವಳು ಮದುಮಗಳ ರೆಪ್ಪೆಯನ್ನು ಎಳೆದು ನೋಡಿಬಿಟ್ಟೆ. ಕಾಡಿಗೆಯೆಲ್ಲ ಕೆನ್ನೆಗೆ ಇಳಿಯಿತು. ಹುಡುಗಿಗೆ ರಕ್ತ ಕಡಿಮೆ ಇದ್ದದ್ದು ನಿಜ, ಆದರೆ ನಾದಿನಿ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಜಯನಗರದ ನಮ್ಮ ನರ್ಸಿಂಗ್ ಹೋಮಿನ ಸರ್ಜನ್ ಪ್ರಭಾಕರ್ ಅವರ ಕೈಗುಣ ಚೆನ್ನಾಗಿದೆ. ರಕ್ತದ ವಿಷಯದಲ್ಲಿ ಮಾತ್ರ ಅವರು ಮದುವೆಮನೆಯ ಯಜಮಾನರ ಹಾಗೆ. ಯಾವುದಕ್ಕೂ ಇರಲಿ ಎಂದು ಯಜಮಾನರು ಹೆಚ್ಚಿಗೆ ಕುರ್ಚಿ ತರಿಸುತ್ತಾರೆ, ಇವರು ಎರಡು ಬ್ಯಾಗ್ ರಕ್ತ ತರಿಸುತ್ತಾರೆ. ತರಿಸಿದ ಮೇಲೆ ಸುಮ್ಮನೆ ಯಾಕೆ ವಾಪಸ್ಸು ಎಂದು ರೋಗಿಗೆ ಏರಿಸಿಯೂ ಬಿಡುತ್ತಾರೆ. ನನ್ನ ವಾದ ಬೇರೆ. ರಕ್ತ ಕಡಿಮೆಯಿದ್ದರೆ ಮೊದಲೇ ಕಂಡುಹಿಡಿದು, ಕಬ್ಬಿಣಾಂಶ ಕೊಟ್ಟು, ಅವರ ಮೈಯಲ್ಲೇ ರಕ್ತ ಊರಿಸಿಕೊಂಡು ಆಮೇಲೆ ಚಾಕು ಹಿಡಿಯಬೇಕು. ಇದನ್ನು ಹೇಳಿ ಹೇಳಿ ನನಗೆ 'ಕಬ್ಬಿಣದ ಮೇಡಂ' ಎಂಬ ಬಿರುದು ಬಂದಿದೆ. ಬೆನ್ನ ಹಿಂದೆ ಕೊಟ್ಟದ್ದಾದರೂ ಬಿರುದು ಬಿರುದೇ.

ಶ್ರೀನಗರದ ಸರೋಜಮ್ಮ ಬಂದದ್ದು ಗರ್ಭಕೋಶದ ಗೆಡ್ಡೆ ತೆಗೆಸಿಕೊಳ್ಳಲು. ಕೆಳರೆಪ್ಪೆ ಕಾಗದದಷ್ಟು ಬಿಳಿ. ನಾನು ಆಪರೇಷನ್ ಮುಂದಕ್ಕೆ ಹಾಕಿಸಿ ಕಬ್ಬಿಣದ ಮಾತ್ರೆ ಬರೆದೆ. ಆಕೆಗೆ ಅಳುವೇ ಬಂತು. "ನನ್ನ ಮಗಳು ಬಸುರಿ ಮೇಡಂ. ಅವಳ ಹೆರಿಗೆ ಹೊತ್ಗೆ ನಾನು ಎದ್ದು ಓಡಾಡ್ಬೇಕು. ಬಾಣಂತನ ಮಾಡೋಕೆ ಇನ್ಯಾರಿದಾರೆ?"

"ಮಾತ್ರೆ ತಪ್ಪಿಸ್ಬೇಡಿ, ಎಲ್ಲಾ ಸರಿಹೋಗುತ್ತೆ" ಎಂದು ಭರವಸೆ ಕೊಟ್ಟೆ. ಮರೆವು ಜಾಸ್ತಿ ಎಂದರು. ಅದಕ್ಕೂ ಉಪಾಯ ಹೇಳಿದೆ.

ತಿಂಗಳಾದರೂ ರಕ್ತ ಏರಲಿಲ್ಲ. ಪ್ರಭಾಕರ್ ನನ್ನ ರೂಮಿಗೇ ಬಂದರು, ಕೈಯಲ್ಲಿ ಕಾಫಿ. "ಏನ್ ಮೇಡಂ, ನಿಮ್ಮ ಕಬ್ಬಿಣ ತುಕ್ಕು ಹಿಡೀತಾ? ಎರಡು ಬ್ಯಾಗ್ ಹಾಕಿ ಮುಗಿಸೋಣ ಬಿಡಿ." ನನಗೆ ಮೈಯೆಲ್ಲ ಉರಿಯಿತು. ಎದುರಿಗೆ ಕೂತಿದ್ದ ಸರೋಜಮ್ಮನ ಮೇಲೆ ಅದನ್ನು ತೀರಿಸಿಕೊಂಡೆ. "ನಿಜ ಹೇಳಿ, ಮಾತ್ರೆ ತಗೊಂಡ್ರೋ ಇಲ್ವೋ?"

"ಒಂದಿನಾನೂ ತಪ್ಪಿಸಿಲ್ಲ ಮೇಡಂ! ದಿನಾ ಮರೀದೆ ಮಾಡೋ ಕೆಲಸದ ಜತೆ ಸೇರಿಸ್ಕೊಳ್ಳಿ ಅಂತ ನೀವೇ ಅಲ್ವಾ ಹೇಳಿದ್ದು? ನಾನು ದೇವರ ಪೂಜೆ ಬೇಕಾದ್ರೂ ಮರೀತೀನಿ, ಕಾಫಿ ಮರೆಯಲ್ಲ. ಅದ್ರಲ್ಲೇ ನುಂಗ್ತಿದ್ದೆ."

ಒಂದು ಕಡೆ ಗೆಡ್ಡೆಯಿಂದಾಗಿ ತಿಂಗಳು ತಿಂಗಳೂ ವಿಪರೀತ ರಕ್ತ ಹೋಗುತ್ತಿತ್ತು. ಇನ್ನೊಂದು ಕಡೆ, ಮಾತ್ರೆಯ ಕಬ್ಬಿಣವನ್ನು ಮೈಗೆ ಸೇರಲು ಬಿಡದ ಕಾಫಿಯ ಜೊತೆಗೇ ಮಾತ್ರೆ. ಬೆಂಗಳೂರಿನ ಹೆಂಗಸಿಗೆ ಮರೆಯದ ಕೆಲಸದ ಜೊತೆ ಸೇರಿಸಿಕೊಳ್ಳಿ ಎಂದರೆ ಆಕೆ ಇನ್ನೇನು ಮಾಡುತ್ತಾಳೆ? ಅಷ್ಟು ಓದಿದ ನನಗೆ ಅದು ಹೊಳೆದಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿ, ಪ್ರಭಾಕರ್ ನಗುತ್ತಾರೆಂದು ಕಾದೆ. ಅವರು ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟು, "ಹೌದಾ ಮೇಡಂ? ನಮ್ಮನೇವ್ರಿಗೆ ನಾನೇ ದಿನಾ ಈ ಮಾತ್ರೆ ಕಾಫಿ ಜತೆ ಕೊಡ್ತಿದೀನಲ್ಲ!" ಎಂದರು. ಆ ಗಳಿಗೆಯಿಂದ ನಾವಿಬ್ಬರೂ ಒಂದೇ ಪಕ್ಷ.

ಸರೋಜಮ್ಮನ ಮಗಳ ಹೆರಿಗೆ ಹತ್ತಿರವಾಗುತ್ತಿತ್ತು. ಮಾತ್ರೆಯನ್ನು ನಂಬಿ ಕೂರಲಾಗದೆ ಕಬ್ಬಿಣಾಂಶವನ್ನು ಡ್ರಿಪ್‌ನಲ್ಲಿ ಕೊಟ್ಟೆವು. ಕೆಲವು ವಾರಗಳಲ್ಲಿ ರೆಪ್ಪೆಗೆ ಬಣ್ಣ ಬಂತು. ಪ್ರಭಾಕರ್ ಹನಿ ರಕ್ತವೂ ದಂಡವಾಗದಂತೆ ಆಪರೇಷನ್ ಮುಗಿಸಿದರು. ಹೊರಗಿನ ರಕ್ತ ಬೇಕಾಗಲೇ ಇಲ್ಲ. ನನಗಾದ ಸಂತೋಷಕ್ಕೆ ವಾರ್ಡಿನಲ್ಲೆಲ್ಲ ನನ್ನ ಭಾಷಣ ಶುರುವಾಯಿತು. ಕಾಫಿ ಆಮೇಲೆ, ಮಾತ್ರೆ ಮೊದಲು, ನಡುವೆ ಗಂಟೆಗಟ್ಟಲೆ ಬಿಡುವು, ನುಂಗಲು ನಿಂಬೆ ಪಾನಕವಾದರೆ ಬಹಳ ಒಳ್ಳೆಯದು.

ಮನೆಗೆ ಹೊರಟ ದಿನ ಸರೋಜಮ್ಮ ನನ್ನ ಕೈ ಹಿಡಿದುಕೊಂಡು ಮುಖವನ್ನೇ ನೋಡುತ್ತ ನಿಂತರು. ಆಶೀರ್ವಾದ ಮಾಡುತ್ತಾರೇನೋ ಎಂದು ನಾನು ಸ್ವಲ್ಪ ಬಗ್ಗಿದೆ. ಆಕೆ ಹೆಬ್ಬೆರಳಿಂದ ನನ್ನ ಕೆಳರೆಪ್ಪೆಯನ್ನು ಎಳೆದರು. "ಮೇಡಂ, ನಿಮ್ದು ಬೆಳ್ಳಗಿದೆಯಲ್ಲ!"

ನಕ್ಕು ತಳ್ಳಿಹಾಕಿದೆ. ಆದರೂ ಮನಸ್ಸು ತಡೆಯದೆ ಪರೀಕ್ಷೆ ಮಾಡಿಸಿದೆ. ನನ್ನ ನಿಯಮದ ಪ್ರಕಾರ ನನಗೇ ಯಾರೂ ಆಪರೇಷನ್ ಮಾಡುವಂತಿರಲಿಲ್ಲ. ಸುದ್ದಿ ಪ್ರಭಾಕರ್ ಮೂಲಕ ಸರೋಜಮ್ಮನಿಗೂ ಮುಟ್ಟಿತು. ಈಗ ಬೆಳಗಾದರೆ ಅವರದೇ ಫೋನು. ನಿನ್ನೆಯೂ ಬಂದಿತ್ತು, ಹಿಂದೆ ಮೊಮ್ಮಗು ಊರು ಎದ್ದೇಳುವ ಹಾಗೆ ಅಳುತ್ತಿತ್ತು.

"ಮಾತ್ರೆ ಆಯ್ತಾ ಮೇಡಂ?"

"ಈಗ ತಾನೇ ಆಯ್ತು ಸರೋಜಮ್ಮ."

"ಕಾಫಿ?"

ಬಾಯಲ್ಲಿದ್ದ ಗುಟುಕನ್ನು ಸದ್ದಾಗದಂತೆ ನುಂಗಿ, "ಇನ್ನೂ ಇಲ್ಲ" ಎಂದೆ.