ಪುಟ್ಟಬಸಪ್ಪನ ಹೆಗಲಿಗೆ ಬಿದ್ದ ಶಲ್ಯ

ಊರವರಿಗೆಲ್ಲ ರೇಷ್ಮೆ ನೇಯ್ದು ಉಡಿಸಿದ ಕೊಳ್ಳೇಗಾಲದ ಪುಟ್ಟಬಸಪ್ಪನ ಹೆಗಲು ಒಂದು ದಿನವೂ ರೇಷ್ಮೆ ಕಂಡಿರಲಿಲ್ಲ. ಇವತ್ತು ಕಾಣುವುದಿತ್ತು! ಶ್ರಮದಾನದ ರಸ್ತೆಗೆ ಮೂರು ತಿಂಗಳು ಮಣ್ಣು ಹೊತ್ತ ಅವನಿಗೆ ಸಂಜೆ ಸಭೆಯಲ್ಲಿ ರೇಷ್ಮೆ ಶಲ್ಯ ಹೊದಿಸುತ್ತಾರೆ, ಆಗಿನ ಜಿಲ್ಲಾಕೇಂದ್ರ ಕೊಯಮತ್ತೂರಿನಿಂದ ಸಾಹೇಬರೇ ಬರುತ್ತಾರೆ ಎಂದು ತಮಟೆಯವನು ಬೀದಿ ಬೀದಿಯಲ್ಲೂ ಸಾರಿ ಹೋಗಿದ್ದ.

"ಮೂರು ತಿಂಗ್ಳಿಂದ ಮಗ್ಗದ ಕಡೆ ತಿರುಗೂ ನೋಡಿಲ್ಲ ನೀವು," ಎಂದಳು ಹೆಂಡತಿ ಶಿವರತ್ನಮ್ಮ. "ಶಲ್ಯ ಹೊದ್ಕಂಡು ಮನೆಗ್ ಬಂದ್ರೆ ಸೈ, ಇನ್ನೂ ಮೂರು ತಿಂಗ್ಳು ಮಣ್ಣು ಹೊರಿ. ಬರೀ ಹೆಗ್ಲಲ್ಲಿ ಬಂದ್ರೋ, ನಾಳೆಯಿಂದ ಮಗ್ಗದ ಗುಂಡಿಗೆ ಇಳೀಬೇಕು."

"ಆಗ್ಲಿ ಕಣಮ್ಮಿ! ಬರೀ ಹೆಗ್ಲಲ್ಲಿ ಬಂದ್ರೆ ಕೇಳು!"

ಅಷ್ಟರಲ್ಲಿ ಎದುರುಮನೆ ಚನ್ನಾಜಮ್ಮ ಬಂದು ಅವನ ತಲೆಗೆ ಅರ್ಧ ಕುಡಿಕೆ ಎಣ್ಣೆ ಸುರಿದಳು. "ಸಾಹೇಬ್ರ ಮುಂದೆ ತಲೆ ಮಿಂಚ್ಬೇಕು ಕಣಪ್ಪ!" ಪಕ್ಕದ ಮನೆ ಮಹದೇವು ತನ್ನ ಮದುವೆ ಕೋಟು ತಂದ. ಮಹದೇವು ಕಡ್ಡಿ, ಪುಟ್ಟಬಸಪ್ಪ ಕಣಜ. ಇಬ್ಬರು ಹಿಡಿದು, ಒಬ್ಬ ತಳ್ಳಿ, ಮೂಟೆಗೆ ರಾಗಿ ತುಂಬುವ ಹಾಗೆ ಅವನನ್ನು ಕೋಟಿಗೆ ತುಂಬಿದರು.

"ಉಸ್ರು ಬಿಡಬ್ಯಾಡ ಕಣ್ಲಾ, ಗುಂಡಿ ಕಿತ್ತೋಯ್ತದೆ!" ಎಂದ ಮಹದೇವು.

ಉಸಿರು ಬಿಗಿಹಿಡಿದು ಸಭೆಗೆ ಹೊರಟರೆ ದಾರಿಯಲ್ಲೇ ಗುಂಪು. ಪುಟ್ಟಬಸಪ್ಪನೇ ಮಣ್ಣು ಹಾಕಿದ ರಸ್ತೆಯಲ್ಲಿ ಸಾಹೇಬರ ಜೀಪು ಎಮ್ಮೆಯ ಹಾಗೆ ಕೆಸರಿಗೆ ಬಿದ್ದಿತ್ತು! ಶ್ರಮದಾನ ಸಂಘದ ಅಧ್ಯಕ್ಷ ಪುಟ್ಟಸಿದ್ದಯ್ಯ ಕೈ ಕೈ ಹಿಸುಕಿಕೊಳ್ಳುತ್ತಿದ್ದ. "ಲೇ ಪುಟ್ಟಬಸಪ್ಪ, ಬಂದ್ಯಾ? ಮರ್ವಾದೆ ಉಳ್ಸ್ಲಾ, ತಳ್ಳು!"

ತಳ್ಳಿದ. ಜೀಪು ಮೇಲೆ ಬಂತು. ಜೊತೆಗೇ ಪರ್ರನೆ ಒಂದು ಸದ್ದೂ ಬಂತು. ಮದುವೆ ಕೋಟು ಬೆನ್ನ ಮೇಲೆ ಕತ್ತಿನಿಂದ ನಡುವಿನವರೆಗೆ ಎರಡು ಪಾಲಾಗಿತ್ತು.

"ನನ್ ಕೋಟು!" ಎಂದು ಮಹದೇವು ಬಾಯಿ ಬಡಿದುಕೊಂಡ.

"ಸುಮ್ಕಿರೋ, ಮೇಲೆ ಶಲ್ಯ ಬಿದ್ರೆ ಎಲ್ಲಾ ಮುಚ್ಕೋತದೆ," ಎಂದ ಪುಟ್ಟಬಸಪ್ಪ. ಸಭೆಯಲ್ಲಿ ಗೋಡೆಗೆ ಬೆನ್ನು ತಾಗಿಸಿಕೊಂಡೇ ಏಡಿಯಂತೆ ಅಡ್ಡಡ್ಡ ನಡೆದು ವೇದಿಕೆ ಹತ್ತಿದ.

ಸಾಹೇಬರು ಶಲ್ಯ ಹೊದಿಸಿದರು. ಚಪ್ಪಾಳೆಯೋ ಚಪ್ಪಾಳೆ! ಹರಿದ ಬೆನ್ನು ಮುಚ್ಚಿತು, ಹೆಗಲು ತಂಪಾಯಿತು, ಪುಟ್ಟಬಸಪ್ಪನ ಕಣ್ಣು ತುಂಬಿತು. ಅಲ್ಲಿಗೇ ನಮಸ್ಕಾರ ಮಾಡಿ ಇಳಿದಿದ್ದರೆ ಗೆದ್ದಿದ್ದ. ಆದರೆ ನೇಕಾರನ ಕೈ ಕೇಳಬೇಕಲ್ಲ! ಬೆರಳು ತಾನಾಗಿ ಅಂಚಿಗೆ ಹೋಯಿತು. ಉಜ್ಜಿತು, ಎಳೆಯಿತು, ಬೆಳಕಿಗೆ ಹಿಡಿಯಿತು.

"ಥೂ! ಹೊಕ್ಕಿನ ದಾರ ಸಡ್ಲ, ಅಂಚಲ್ಲಿ ಎರಡೆಳೆ ತಪ್ಪೋಗವೆ! ಯಾವನ್ಲಾ ಇದ ನೇಯ್ದೋನು? ಅವ್ನ ಕೈಗೆ ಲಾಳಿ ಕೊಟ್ಟೋರ್ಯಾರು?"

ಸಭೆ ಗೊಳ್ಳೆಂದಿತು. ಪುಟ್ಟಸಿದ್ದಯ್ಯನ ಮುಖ ಸುಣ್ಣವಾಯಿತು. "ಸಾ, ಇದ ಕೂಲಿ ಇಲ್ದೆ ಸೇವೆ ಅಂತ ನೇಯ್ದು ಕೊಟ್ಟವ್ರೆ ಸಾ..."

"ಯಾರು? ಕರೆಯಿರಿ!" ಎಂದರು ಸಾಹೇಬರು.

ಹೆಂಗಸರ ಸಾಲಿನಿಂದ ಎದ್ದು ಬಂದವಳು ಶಿವರತ್ನಮ್ಮ.

"ನಾನೇ ಸಾ. ಇವ್ರು ಮಣ್ಣು ಹೊರಕ್ಕೋದ್ರೆ ಮಗ್ಗ ಖಾಲಿ ಬಿದ್ದಿರ್ತಿತ್ತು. ನೋಡಿ ನೋಡೇ ಕಲ್ತೆ. ಮೊದಲ್ನೇ ಕೆಲ್ಸ, ಎರಡೆಳೆ ತಪ್ಪೋಯ್ತು."

"ರೊಂಬ ಸಂತೋಷಂ! ನಿಜವಾದ ಸೇವಕಿ ಇವರು!" ಎಂದು ಸಾಹೇಬರು ಕುಣಿದಾಡುವುದೊಂದು ಬಾಕಿ. ಪುಟ್ಟಬಸಪ್ಪನ ಮೈಮೇಲಿದ್ದ ಶಲ್ಯ ತೆಗೆಸಿ, ಚನ್ನಾಜಮ್ಮನ ಕೈಯಿಂದ ಶಿವರತ್ನಮ್ಮನಿಗೆ ಹೊದಿಸಿದರು. ಎರಡು ಪಾಲಾದ ಕೋಟು ಊರಿಗೆಲ್ಲ ದರ್ಶನ ಕೊಟ್ಟಿತು. ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು.

ಮಾರನೆಯ ಬೆಳಿಗ್ಗೆ ಪುಟ್ಟಬಸಪ್ಪ ಕೊಟ್ಟ ಮಾತಿನಂತೆ ಮಗ್ಗದ ಗುಂಡಿಗೆ ಇಳಿದ. ಶಿವರತ್ನಮ್ಮ ಸೊಂಟಕ್ಕೆ ಸೆರಗು ಬಿಗಿದು, ಮಣ್ಣು ಹೊರುವ ಮಂಕರಿ ಎತ್ತಿಕೊಂಡಳು. ಹೊಸ್ತಿಲು ದಾಟುವ ಮುಂಚೆ ಶಲ್ಯವನ್ನು ಅವನ ಹೆಗಲ ಮೇಲೆ ಎಸೆದಳು.

"ಆ ಎರಡೆಳೆ ಸರಿ ಮಾಡಿಕ್ಕಿ. ಪಕ್ಕದ ಹನೂರಿನ ಸಭೆಗೂ ನನ್ನ ಕರ್ದವ್ರೆ!"