ಗುರುವಣ್ಣನವರಿಗೆ ಕೆಂಪು ಕಾರ್ಡು

ತ್ರಾಸಿಯ ಗಂಗಾಮಾತೆ ಫುಟ್‌ಬಾಲ್ ಸಂಘದ ಮಾಜಿ ಆಟಗಾರರೂ, ಎಡ ಅಂಚಿನಲ್ಲಿ ಹದಿನೆಂಟು ವರ್ಷ ಓಡಿದವರೂ ಆದ ಗುರುವಣ್ಣನವರು ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಮಧ್ಯಾಹ್ನ ಬಂಗುಡೆ ಸಾರಿನ ಊಟ ಮುಗಿಸಿ, ಕೈ ತೊಳೆದುಕೊಂಡು ನಿಧನರಾದರು. ಅವರು ಆಟ ಬಿಟ್ಟು ಮೂವತ್ತೈದು ವರ್ಷಗಳಾಗಿದ್ದವು. ಈ ಸಂಗತಿಯನ್ನು ಅಭಿಮಾನಿಗಳು ಎಂದೂ ಒಪ್ಪಿರಲಿಲ್ಲ.

ಮರುದಿನವೇ ಸಂಘದ ಕಾರ್ಯದರ್ಶಿ ಸುಧೀರ್ ಅವರ ಅಧ್ಯಕ್ಷತೆಯಲ್ಲಿ ಸಂತಾಪ ಸಭೆ ಸೇರಿತು. ಒಂದು ನಿಮಿಷದ ಮೌನಾಚರಣೆ ಹನ್ನೊಂದನೆಯ ಸೆಕೆಂಡಿನವರೆಗೆ ಶಿಸ್ತಿನಿಂದ ನಡೆಯಿತು. ಆಮೇಲೆ ಮೀನು ಮಾರುವ ಸೀತಕ್ಕ ಕಣ್ಣೊರೆಸಿಕೊಳ್ಳುತ್ತ, "ಬಸ್ರೂರಿನವ್ರಿಗ್ ಹೊಡ್ದ್ ಆ ಗೋಲ್ ಎಡಗಾಲಂಗಲ್ದಾ?" ಎಂದರು. ಬಲಗಾಲು ಎಂದು ನಾಲ್ವರು, ಮೊಣಕಾಲು ಎಂದು ಇಬ್ಬರು ಎದ್ದು ನಿಂತರು. ಮುಕ್ಕಾಲು ಗಂಟೆಯ ನಂತರ ಸುಧೀರ್, ಉಳಿದ ನಲವತ್ತೊಂಬತ್ತು ಸೆಕೆಂಡುಗಳನ್ನು ಸದಸ್ಯರು ಅವರವರ ಮನೆಯಲ್ಲಿ ಅನುಕೂಲ ನೋಡಿಕೊಂಡು ಆಚರಿಸಬಹುದೆಂದು ಪ್ರಕಟಿಸಿದರು.

ಸಭೆಯ ಕೊನೆಯ ಬೆಂಚಿನಲ್ಲಿ ರತನ್ ಕೂತಿದ್ದ. ಅವನಿಗೆ ಮೂವತ್ತನಾಲ್ಕು. ಐದು ವರ್ಷಗಳಿಂದ ಎಡ ಅಂಚಿನಲ್ಲಿ ಆಡುತ್ತಿರುವವನು ಅವನೇ. ಅವನಿಗೆ ಆಟ ಕಲಿಸಿದವರು ಗುರುವಣ್ಣ. ಕಲಿಸಿದ್ದೆಂದರೆ, ದಡಕ್ಕೆ ಎಳೆದಿಟ್ಟ ದೋಣಿಯ ಮೇಲೆ ಕೂತು ಸಂಜೆಯಿಡೀ ಬೈದದ್ದು. "ಎಡಗಾಲ್ ಎಂತಕ್ ಇಪ್ಪುದ್ ನಿಂಗೆ? ಬಸ್ ಹತ್ತೂಕಾ?" ರತನನ ಮೊಣಕಾಲು ಈಗೀಗ ಕಟಕಟ ಎನ್ನುತ್ತಿತ್ತು. ಇದು ತನ್ನ ಕೊನೆಯ ಪಂದ್ಯಾವಳಿ ಎಂದು ಅವನಿಗೆ ಗೊತ್ತಿತ್ತು. ಮುಂದಿನ ವಾರ ಗುರುವಣ್ಣನವರ ಸ್ಮರಣಾರ್ಥ ನಡೆಯುವ ಮೂರು ಪಂದ್ಯಗಳಲ್ಲಿ ಅವರದೇ ಜಾಗದಲ್ಲಿ ಓಡಿ, ಅವರಿಗಾಗಿ ಎಡಗಾಲಿನಲ್ಲಿ ಒಂದು ಗೋಲು ಹೊಡೆದು ಆಟ ನಿಲ್ಲಿಸಬೇಕೆಂಬುದು ಅವನ ಆಸೆ. ಬೇರೆ ಆಸೆ ಇರಲಿಲ್ಲ.

ಆಗ ಸುಧೀರ್ ಮುಖ್ಯ ನಿರ್ಣಯವನ್ನು ಓದಿದರು. ದಡದಿಂದ ಎಳೆಯುವ ಕೈರಂಪಣಿ ಬಲೆಯ ಹಗ್ಗದಲ್ಲಿ ಪ್ರತಿಯೊಬ್ಬನಿಗೂ ಗೊತ್ತಾದ ಜಾಗವಿರುತ್ತದೆ. ಅವನು ತೀರಿಕೊಂಡರೆ ಉತ್ತರಕ್ರಿಯೆ, ಅಂದರೆ ಬೊಜ್ಜ, ಮುಗಿಯುವ ತನಕ ಆ ಜಾಗಕ್ಕೆ ಬೇರೆಯವರು ಕೈ ಹಾಕುವುದಿಲ್ಲ. ಹಗ್ಗಕ್ಕೆ ಸಲ್ಲುವ ಮರ್ಯಾದೆ ಚೆಂಡಿಗೂ ಸಲ್ಲತಕ್ಕದ್ದು. ಆದಕಾರಣ ಬೊಜ್ಜದವರೆಗೆ ಸಂಘದ ಎಡ ಅಂಚು ಗುರುವಣ್ಣನವರ ಹೆಸರಿನಲ್ಲೇ ಇರತಕ್ಕದ್ದು. ಬೊಜ್ಜ ಇದ್ದದ್ದು ಅಂತಿಮ ಪಂದ್ಯದ ಮರುದಿನ.

"ಹಾಂಗಾರೆ ನಾನ್ ಎಲ್ ಆಡ್ಕ್?" ಎಂದು ರತನ್ ಕೇಳಿದ.

"ಗುರುವಣ್ಣ ಇದ್ರಲ್ದಾ, ನೀನ್ ಎಂತಕಾ?" ಎಂದರು ಸೀತಕ್ಕ.

ನಿರ್ಣಯ ಚಪ್ಪಾಳೆಯೊಂದಿಗೆ ಅಂಗೀಕಾರವಾಯಿತು. ಆಟಗಾರರ ಪಟ್ಟಿಯಲ್ಲಿ ಹನ್ನೊಂದನೆಯ ಹೆಸರಾಗಿ ಗುರುವಣ್ಣನವರನ್ನು ಬರೆದು, ಆರೋಗ್ಯದ ಕಾಲಂನಲ್ಲಿ 'ದೂರುಗಳಿಲ್ಲ' ಎಂದು ನಮೂದಿಸಲಾಯಿತು.

ಮೊದಲ ಪಂದ್ಯ ಬಸ್ರೂರು ತಂಡದ ಮೇಲೆ. ತ್ರಾಸಿಯ ಹತ್ತು ಮಂದಿ ಮೈದಾನಕ್ಕಿಳಿದರು. ಎಡ ಅಂಚು ಖಾಲಿಯಿತ್ತು. ಬಸ್ರೂರಿನ ನಾಯಕ ಮಂಜ ಆ ಖಾಲಿ ಜಾಗವನ್ನು ಒಂದು ನಿಮಿಷ ನೋಡಿದ. ಗುರುವಣ್ಣನವರನ್ನು ಒಬ್ಬನೇ ಕಾಯಲು ಹೋಗಿ ಕೆಟ್ಟವನು ಅವನ ಅಪ್ಪ. ಮಂಜ ಇಬ್ಬರನ್ನು ಕಳಿಸಿದ.

"ಅಲ್ ಯಾರ್ ಇದ್ರ್ ಅಂತ ಇಬ್ರಾ?" ಎಂದು ಅವರ ಗೋಲ್‌ಕೀಪರ್ ಗೊಣಗಿದ.

"ಅವ್ರನ್ ಬಿಟ್ರೆ ಎಂತ ಆತ್ತ್ ಅಂತ ನಿಂಗ್ ಗೊತ್ತಿಲ್ಲೆ," ಎಂದ ಮಂಜ.

ಇಬ್ಬರೂ ತೊಂಬತ್ತು ನಿಮಿಷ ಖಾಲಿ ಜಾಗವನ್ನು ಬೆವರು ಸುರಿಸಿ ಕಾದರು. ಒಂಬತ್ತು ಮಂದಿಯ ಮೇಲೆ ಹತ್ತು ಮಂದಿ ಆಡಿದ ತ್ರಾಸಿ ಮೂರು ಗೋಲುಗಳಿಂದ ಗೆದ್ದಿತು. ಎದುರಾಳಿಗಳಿಬ್ಬರನ್ನು ಪಂದ್ಯದುದ್ದಕ್ಕೂ ಕಟ್ಟಿಹಾಕಿದ್ದಕ್ಕಾಗಿ ಪಂದ್ಯಶ್ರೇಷ್ಠ ಪ್ರಶಸ್ತಿ ಗುರುವಣ್ಣನವರಿಗೆ ಸಂದಿತು. ಅವರ ಪತ್ನಿ ಮೋಹಿನಿಯಮ್ಮ ಬಹುಮಾನದ ಸ್ಟೀಲಿನ ಫಿಲ್ಟರನ್ನು ಸ್ವೀಕರಿಸಿ, ಬದುಕಿದ್ದಾಗ ಮನೆಗೆ ಇಷ್ಟು ಉಪಯೋಗದ ವಸ್ತು ತಂದವರಲ್ಲ ಎಂದರು.

ಎರಡನೆಯ ಪಂದ್ಯ ಬೈಂದೂರಿನ ಮೇಲೆ. ಅವರೂ ಎಡ ಅಂಚಿಗೆ ಇಬ್ಬರನ್ನು ಕಳಿಸಿದರು. ತೀರ್ಪುಗಾರ ರವಿರಾಜ್ ನಿಯಮಗಳ ವಿಷಯದಲ್ಲಿ ಕಟ್ಟುನಿಟ್ಟಿನ ಮನುಷ್ಯ. ಇಪ್ಪತ್ತನೆಯ ನಿಮಿಷದಲ್ಲಿ ತ್ರಾಸಿಯ ಗೋಲೊಂದನ್ನು ಅವರು ತಳ್ಳಿಹಾಕಿದರು. ಕಾರಣ, ಗುರುವಣ್ಣ ಆಫ್‌ಸೈಡ್ ಇದ್ದರು. ಅಭಿಮಾನಿಗಳು ಕೆಂಡವಾದರು. ಸತ್ತವರು ಆಫ್‌ಸೈಡ್ ಆಗುವುದು ಹೇಗೆ ಎಂದು ಯಾರೂ ಕೇಳಲಿಲ್ಲ; ಗುರುವಣ್ಣ ಕೊನೆಯ ಡಿಫೆಂಡರನ ಸಮಕ್ಕೇ ಇದ್ದರೆಂದು ಸೀತಕ್ಕ ಮೀನಿನ ಬುಟ್ಟಿಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದರು.

ಬೆಂಚಿನಲ್ಲಿ ರತನ್ ಕುದಿಯುತ್ತಿದ್ದ. ಅರ್ಧ ಸಮಯ ಕಳೆದ ಮೇಲೆ ಸುಧೀರ್ ಬಳಿ ಹೋದ.

"ಸುಧೀರಣ್ಣ, ಬದಲಿ ಆಟಗಾರನ್ ಕಳ್ಸೂಕೆ ನಿಯಮ ಇತ್ತಲ್ದಾ?"

ಸುಧೀರ್ ನಿಯಮಾವಳಿ ತಿರುವಿದರು. ಇತ್ತು. "ಅವ್ರ್ ಹೊರಗ್ ಬಂದ್ರೆ ನೀನ್ ಒಳಗ್ ಹೋಯ್ಲಕ್ಕ್. ನಂಗೇನ್ ಅಡ್ಡಿಲ್ಲೆ."

ಹನ್ನೊಂದನೆಯ ನಂಬರಿನ ಫಲಕ ಮೇಲೆದ್ದಿತು. ರತನ್ ಗೆರೆಯ ಬಳಿ ನಿಂತ. ಗುರುವಣ್ಣ ಹೊರಗೆ ಬರಲಿಲ್ಲ. ರವಿರಾಜ್ ಎರಡು ನಿಮಿಷ ಗಡಿಯಾರ ನೋಡಿದರು, ಮೂರು ಸಲ ಸೀಟಿ ಊದಿದರು, ಕೊನೆಗೆ ಖಾಲಿ ಜಾಗದ ಎದುರು ನಿಂತು ಕಾಲಹರಣಕ್ಕಾಗಿ ಹಳದಿ ಕಾರ್ಡು ತೋರಿಸಿದರು. ಮತ್ತೆ ಕರೆದರು. ಉತ್ತರವಿಲ್ಲ. ಎರಡನೆಯ ಹಳದಿ, ಅದರ ಹಿಂದೆಯೇ ಕೆಂಪು.

ಹೇಳಿಕೆ ಪಡೆಯಲು ಮೋಹಿನಿಯಮ್ಮನವರನ್ನು ಕರೆಸಲಾಯಿತು. "ಕರದ್ರೆ ಬಪ್ಪು ಜನ ಅಲ್ಲ ಅವ್ರ್. ಊಟಕ್ ಎಂಟ್ ಸಲ ಕರೀಕ್," ಎಂದು ಅವರು ಸಾಕ್ಷಿ ನುಡಿದರು. ಉದ್ದೇಶಪೂರ್ವಕ ಅವಿಧೇಯತೆ ರುಜುವಾತಾಯಿತು.

ಒಬ್ಬ ಆಟಗಾರನನ್ನು ಹೊರಗೆ ಹಾಕಿದ್ದರಿಂದ ತ್ರಾಸಿ ಇನ್ನು ಮುಂದೆ ಹತ್ತು ಮಂದಿಯಿಂದಲೇ ಆಡತಕ್ಕದ್ದೆಂದು ರವಿರಾಜ್ ಆದೇಶಿಸಿದರು. ಹತ್ತೇ ಮಂದಿ ಇದ್ದುದರಿಂದ ಆದೇಶ ತಕ್ಷಣ ಜಾರಿಗೆ ಬಂತು. ಗುರುವಣ್ಣನವರನ್ನು ಕಾಯುವ ಕೆಲಸ ತಪ್ಪಿದ ಬೈಂದೂರಿನ ಇಬ್ಬರು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಲೆದಾಡುತ್ತಿದ್ದಾಗ ತ್ರಾಸಿ ಗೋಲು ಹೊಡೆದು ಗೆದ್ದಿತು.

ಕೆಂಪು ಕಾರ್ಡಿನವರು ಮುಂದಿನ ಒಂದು ಪಂದ್ಯ ಆಡುವಂತಿಲ್ಲ. ಅಂದರೆ ಬ್ರಹ್ಮಾವರದ ಮೇಲಿನ ಅಂತಿಮ ಪಂದ್ಯಕ್ಕೆ ಎಡ ಅಂಚು ಕಾನೂನುಬದ್ಧವಾಗಿ ತೆರವಾಗಿತ್ತು. ರತನ್ ಆ ರಾತ್ರಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡ. ತನ್ನ ಗುರುಗಳಿಗೆ ಶಿಕ್ಷೆಯಾದದ್ದಕ್ಕೆ ಸಂತೋಷಪಟ್ಟದ್ದು ತಪ್ಪೆಂದು ಅನಿಸಿ, ಅವರ ಪಾಲಿನ ನಲವತ್ತೊಂಬತ್ತು ಸೆಕೆಂಡು ಮೌನವನ್ನು ಎರಡು ಸಲ ಆಚರಿಸಿದ.

ಅಂತಿಮ ಪಂದ್ಯದ ದಿನ ಅವನು ಓಡಿದ. ಅವನನ್ನು ಯಾರೂ ಕಾಯಲಿಲ್ಲ. ಗುರುವಣ್ಣ ಇಲ್ಲದ ಎಡ ಅಂಚಿಗೆ ಹೆದರಬೇಕಾಗಿಲ್ಲವೆಂದು ಬ್ರಹ್ಮಾವರದವರು ನೆಮ್ಮದಿಯಲ್ಲಿದ್ದರು. ಮೂವತ್ತೆಂಟನೆಯ ನಿಮಿಷದಲ್ಲಿ ಚೆಂಡು ಅವನ ಮುಂದೆ ಪುಟಿಯಿತು. ಅವನು ಬಲಗಾಲನ್ನು ನಂಬದೆ ಎಡಗಾಲು ಬೀಸಿದ. ಬಲೆ ನಡುಗಿತು. ಮೈದಾನದಲ್ಲಿ ಒಂದು ಚಪ್ಪಾಳೆಯೂ ಇಲ್ಲ.

"ಗುರುವಣ್ಣ ಆರೆ ಎರಡ್ ಹೊಡೀತಿದ್ರ್," ಎಂದರು ಸೀತಕ್ಕ.

ಅರ್ಧ ಸಮಯದಲ್ಲಿ ಅಭಿಮಾನಿಗಳ ಮೇಲ್ಮನವಿಯ ವಿಚಾರಣೆ ಚಹಾದಂಗಡಿಯ ಪಕ್ಕ ನಡೆಯಿತು. ಶಿಕ್ಷೆಯ ಆದೇಶವನ್ನು ಗುರುವಣ್ಣನವರಿಗೆ ಖುದ್ದಾಗಿ ತಲುಪಿಸಿ ಸಹಿ ಪಡೆದಿಲ್ಲ ಎಂಬ ಕಾರಣಕ್ಕೆ ಕೆಂಪು ಕಾರ್ಡು ರದ್ದಾಯಿತು. ರವಿರಾಜ್ ತಮ್ಮ ಲೋಪವನ್ನು ಒಪ್ಪಿಕೊಂಡು, ಖಾಲಿ ಜಾಗದ ಕಡೆ ತಿರುಗಿ ಕ್ಷಮೆ ಕೋರಿದರು. ದ್ವಿತೀಯಾರ್ಧಕ್ಕೆ ಗುರುವಣ್ಣ ಮರಳುವರೆಂದು ಧ್ವನಿವರ್ಧಕ ಸಾರಿತು. ಪಟಾಕಿ ಸಿಡಿಯಿತು.

"ಸುಧೀರಣ್ಣ, ಗೋಲ್ ಹೊಡ್ದದ್ ನಾನ್," ಎಂದ ರತನ್.

"ಅದ್ಕೇ ಹೇಳುದ್ ಮಾರಾಯ. ನಿಂಗ್ ಆಯಾಸ ಆಯ್ತ್. ಕೂಕೋ."

ಬದಲಾಗುವ ಆಟಗಾರರು ಕೈ ಕುಲುಕತಕ್ಕದ್ದು ಎಂಬ ನಿಯಮವಿದ್ದುದರಿಂದ ರತನ್ ಗೆರೆಯ ಬಳಿ ಗಾಳಿಗೆ ಕೈ ಚಾಚಿದ. ಎಲ್ಲರೂ ಕಾದರು. ಕೈಯನ್ನು ಎಷ್ಟು ಹೊತ್ತು ಹಿಡಿದಿರಬೇಕೆಂದು ನಿಯಮದಲ್ಲಿ ಇರಲಿಲ್ಲ. ಅವನು ಸ್ವಲ್ಪ ಹೆಚ್ಚೇ ಹಿಡಿದಿದ್ದ. ಬಿಡುವ ಮೊದಲು ಮೈದಾನದ ಮರಳಿನ ಮೂಲೆಯತ್ತ ನೋಡಿ ಮೆಲ್ಲಗೆ, "ಆ ಮೂಲಿಯಂಗ್ ಹೊಯ್ಗಿ ಸಡಿಲ ಇತ್ತ್. ಕಂಡ್ ಓಡಿ," ಎಂದ.

ದ್ವಿತೀಯಾರ್ಧ ಶುರುವಾದೊಡನೆ ಬ್ರಹ್ಮಾವರದವರು ಮೂವರನ್ನು ಎಡ ಅಂಚಿಗೆ ಕಳಿಸಿದರು. ತ್ರಾಸಿಯ ಒಂದು ಗೋಲಿನ ಮುನ್ನಡೆ ಹಾಗೆಯೇ ಉಳಿಯಿತು. ಎಂಬತ್ತನೆಯ ನಿಮಿಷದಲ್ಲಿ ಸುಧೀರ್, ಕಾರ್ಯದರ್ಶಿಯಾದರೂ ಮನುಷ್ಯರೇ ಆದ್ದರಿಂದ, ರತನನ ಪಕ್ಕ ಬಂದು ಕೂತರು.

"ಕೊನಿ ಹತ್ ನಿಮಿಷ ಆಡ್ತ್ಯಾ? ಅವ್ರಿಗ್ ಆಯಾಸ ಆದಾಂಗ್ ಕಂಡ್ರೆ ಹೇಳ್. ಇನ್ನೊಂದ್ ಸಲ ಫಲಕ ಎತ್ತ್ಸ್ತೆ."

ರತನ್ ಖಾಲಿ ಎಡ ಅಂಚನ್ನು ನೋಡಿದ. ಅಲ್ಲಿ ಮೂವರು ಗಟ್ಟಿ ಹುಡುಗರು ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತಿದ್ದರು.

"ಇಲ್ಲೆ ಸುಧೀರಣ್ಣ," ಎಂದ. "ಅವ್ರಿಗ್ ಆಯಾಸ ಆದಾಂಗ್ ಕಾಣ್ತಿಲ್ಲೆ."

ಎಪ್ಪತ್ತೆರಡಕ್ಕೆ ಇಂಥ ದಮ್ಮು ಈಗಿನ ಆಟಗಾರರಲ್ಲಿ ಒಬ್ಬರಿಗೂ ಇಲ್ಲವೆಂದು ಸೀತಕ್ಕ ಸುತ್ತಲಿನವರಿಗೆ ತಿಳಿಸಿದರು. ಬ್ರಹ್ಮಾವರದ ಅಭಿಮಾನಿಗಳೂ ಅದನ್ನು ಒಪ್ಪಿದರು. ರತನ್ ಬೂಟಿನ ದಾರ ಬಿಚ್ಚಿದ.