ಗುತ್ತೂರಿಗೆ ಹೋದ ಹೆಪ್ಪು

ಪತ್ರಿಕಾ ಕಚೇರಿಯಲ್ಲಿ ಬೇರೆಯವರ ತಪ್ಪು ಹಿಡಿಯುವುದೇ ನನ್ನ ಉದ್ಯೋಗ. ಹೀಗಾಗಿ, ಒಂದು ಬಾಟಲಿಯನ್ನು ದಾವಣಗೆರೆಯಿಂದ ಹರಿಹರದ ಪಕ್ಕದ ಗುತ್ತೂರಿಗೆ ಒಯ್ಯುವುದರಲ್ಲಿ ತಪ್ಪಿಗೆ ಅವಕಾಶವಿದೆ ಎಂದು ನನಗೆ ಅನ್ನಿಸಲೇ ಇಲ್ಲ.

ಬಾಟಲಿ ನನ್ನ ತಂಗಿಯ ಮಗಳು ಸುಮಾಳದು. ಗುತ್ತೂರಿನಲ್ಲಿ ಅವಳದೊಂದು ಪುಟ್ಟ ಘಟಕವಿದೆ. ಕಾಳು ಬಿಡಿಸಿ ಎಸೆದ ಮೆಕ್ಕೆಜೋಳದ ದಿಂಡಿನಿಂದ ಸಕ್ಕರೆ ತೆಗೆದು, ಜೀನ್ ತಿದ್ದಿದ ಬ್ಯಾಕ್ಟೀರಿಯಾಗಳಿಗೆ ತಿನ್ನಿಸುತ್ತಾಳೆ. ಅವು ಲ್ಯಾಕ್ಟಿಕ್ ಆಮ್ಲ ಕೊಡುತ್ತವೆ. ಅದರಿಂದ ಮಣ್ಣಲ್ಲಿ ಕೊಳೆಯುವ ಪ್ಲಾಸ್ಟಿಕ್ ಆಗುತ್ತದಂತೆ. ಬಾಟಲಿ ನನ್ನ ಕೈಗೆ ಬಂದ ಮರುದಿನವೇ, ಆ ಆಮ್ಲ ಕೊಳ್ಳುವ ಹುಬ್ಬಳ್ಳಿಯ ಕಂಪನಿಯವರು ನೋಡಲು ಬರುವವರಿದ್ದರು. ಮೆಚ್ಚಿದರೆ ಘಟಕ ಉಳಿಯುತ್ತದೆ, ಇಲ್ಲವಾದರೆ ಬೀಗ!

ದಾವಣಗೆರೆಯ ಪ್ರಯೋಗಾಲಯದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳ ಬಾಟಲಿಯನ್ನು ಅವಳು ನನ್ನ ಕೈಗಿತ್ತಳು.

"ಮಾವ, ಇದು ನನ್ನ ಹೆಪ್ಪು ಇದ್ದಂಗೆ. ಫ್ರಿಜ್ಜಲ್ಲಿಟ್ಟು ಬೆಳಗ್ಗೆ ತಗೊಂಬರ್ರಿ. ಹುಷಾರು!"

"ಊರ ಸುದ್ದಿನೆಲ್ಲ ಹೊತ್ತೋನಿಗೆ ಒಂದು ಬಾಟಲಿ ಭಾರನೇನವ್ವ?"

ಬೆಳಗ್ಗೆ ಫ್ರಿಜ್ಜಿನಲ್ಲಿ ಒಂದೇ ತರಹದ ಎರಡು ಬಿಳಿ ಬಾಟಲಿಗಳಿದ್ದವು. ಮುಂದಿದ್ದದ್ದನ್ನು ಎತ್ತಿಕೊಂಡೆ. ಸುದ್ದಿಯಾಗಿದ್ದರೆ ಎರಡು ಕಡೆ ವಿಚಾರಿಸುತ್ತಿದ್ದೆ. ಇದು ಬಾಟಲಿ!

ಗುತ್ತೂರಿನಲ್ಲಿ ಕಂಪನಿಯವರ ಎದುರು ಸುಮಾ ಮುಚ್ಚಳ ತೆಗೆದಳು. ಒಳಗೆ ಗಟ್ಟಿ ಮೊಸರು. ಅದರ ನೆತ್ತಿಯ ಮೇಲೆ ಒಂದು ಮೆಣಸಿನಕಾಯಿ ತೊಟ್ಟು!

"ಇದೇನ್ರೀ ಇದು?" ಕಂಪನಿಯ ಹಿರಿಯರು ತೊಟ್ಟನ್ನೇ ನೋಡುತ್ತ ಕೇಳಿದರು.

"ಇದೂ ಸಸ್ಯತ್ಯಾಜ್ಯವೇ" ಎಂದು ಅಧಿಕೃತವಾಗಿ ಪ್ರಕಟಿಸಿದೆ.

ಅಷ್ಟರಲ್ಲಿ ನನ್ನ ಹೆಂಡತಿ ಗಿರಿಜಾಳ ಫೋನು. ಗಾಬರಿಯಲ್ಲಿ ಸ್ಪೀಕರ್ ಒತ್ತಿಬಿಟ್ಟೆ.

"ರೀ, ನನ್ನ ಹೆಪ್ಪು ಎಲ್ಲೈತ್ರೀ? ಫ್ರಿಜ್ಜಾಗೆ ಏನೋ ದಿಂಡಿನ ವಾಸ್ನೆ ನೀರು ಐತೆ. ಅದನ್ನೇ ಹಾಲಿಗೆ ಹಾಕ್ಲಾ?"

"ಅತ್ತೇ, ಬ್ಯಾಡ! ಮುಟ್ಟಬ್ಯಾಡ್ರಿ! ಹಂಗೇ ತಗೊಂಬರ್ರಿ!" ಸುಮಾಳ ಕೂಗು ತುಂಗಭದ್ರೆಯ ಆಚೆ ದಂಡೆಗೂ ಕೇಳಿರಬೇಕು.

ಗಿರಿಜಾ ಆಟೋ ಹಿಡಿದು ಬರುವವರೆಗೆ ಸುಮ್ಮನೆ ಕೂರುವಂತಿರಲಿಲ್ಲ. ಸುಮಾ ಮೊಸರನ್ನೇ ಎತ್ತಿ ಹಿಡಿದಳು.

"ಸರ್, ಇದ್ರಾಗಿರೋದೂ ಲ್ಯಾಕ್ಟಿಕ್ ಆಮ್ಲಾನೇ. ನಮ್ಮತ್ತೆ ಹೆಪ್ಪು ಹಾಲು ತಿಂದು ಕೊಡ್ತೈತೆ, ನನ್ನ ಹೆಪ್ಪು ದಿಂಡು ತಿಂದು ಕೊಡ್ತೈತೆ. ಅಷ್ಟೇ!"

ಹಿರಿಯರು ಹೊಟ್ಟೆ ಹಿಡಿದು ನಕ್ಕರು. "ಈಗ ತಿಳೀತು ನೋಡವ್ವ!"

ಗಿರಿಜಾ ತಂದ ಬಾಟಲಿ ದಿಂಡಿನ ಸಕ್ಕರೆ ತುಂಬಿದ ಟ್ಯಾಂಕಿಗೆ ಸೇರಿತು. ಮರುದಿನ ಆಮ್ಲ ಅಳೆದು ನೋಡಿ ಕಂಪನಿಯವರು ಒಪ್ಪಿಕೊಂಡರು. ಘಟಕ ಉಳಿಯಿತು!

ಎಲ್ಲ ನನ್ನಿಂದಲೇ ಆಯಿತೆಂಬ ಗತ್ತಿನಲ್ಲಿ ಮನೆಗೆ ಬಂದರೆ, ಫ್ರಿಜ್ಜಿನ ಬಾಗಿಲಿಗೆ ಗಿರಿಜಾಳ ಚೀಟಿ ಅಂಟಿತ್ತು:

"ತಿದ್ದುಪಡಿ: ನಿನ್ನೆ ಗುತ್ತೂರಿಗೆ ಹೋದ 'ಬ್ಯಾಕ್ಟೀರಿಯಾ' ಎಂಬುದನ್ನು 'ಹೆಪ್ಪು' ಎಂದೂ, 'ಅನುಭವಿ ಪತ್ರಕರ್ತ' ಎಂಬುದನ್ನು 'ನಮ್ಮನೆಯವರು' ಎಂದೂ ಓದಿಕೊಳ್ಳಬೇಕಾಗಿ ವಿನಂತಿ."

ಅಭ್ಯಾಸಬಲದಿಂದ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ!